ತಾರಸಿಯ ಮೇಲಿನ ಬಿಳಿ ಕಾಗದ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ಮಾಲಿನ್ಯ ಇಲಾಖೆಯ ಅಧಿಕಾರಿಣಿ ಠಾಣೆಗೆ ಬಂದು ದೂರು ಕೊಟ್ಟರು. ಶಾಲೆಯ ತಾರಸಿಯ ಮೇಲೆ ಗಾಳಿಯ ಧೂಳು ಅಳೆಯುವ ಯಂತ್ರವಿದೆ. ದಿನವೂ ಒಂಬತ್ತಕ್ಕೆ ಅವರು ಅದರ ಸೋಸುವ ಕಾಗದ ತೆಗೆದು ಹೊಸದು ಹಾಕುತ್ತಾರೆ. ಎಂಟು ತಿಂಗಳಿಂದ ಸಿಕ್ಕಿದ್ದೆಲ್ಲ ಅಚ್ಚ ಬಿಳಿ. ಅದನ್ನು ನಂಬಿ ಪಕ್ಕದ ಕಲ್ಲು ಕೊಯ್ಯುವ ಕಾರ್ಖಾನೆಯ ಪರವಾನಗಿ ನವೀಕರಿಸಿದ್ದಾರೆ. ಶಾಲೆಯ ಹನ್ನೊಂದು ಮಕ್ಕಳು ಉಬ್ಬಸದಿಂದ ಆಸ್ಪತ್ರೆ ಸೇರಿದ್ದಾರೆ.

"ಇಷ್ಟು ದಿನ ಅನುಮಾನ ಬರ್ಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬೆಳ್ಳಗಿದ್ರೆ ಖುಷಿಯಾಗ್ತಿತ್ತು ಸಾರ್." ಅಧಿಕಾರಿಣಿ ತಲೆ ತಗ್ಗಿಸಿದರು.

ಎಫ್‌ಐಆರ್ ದಾಖಲಾಯಿತು. ಎಲ್ಲರ ಕಣ್ಣು ಕಾರ್ಖಾನೆಯ ಮಾಲೀಕನ ಮೇಲೆ. ಹೆಡ್ ಕಾನ್‌ಸ್ಟೇಬಲ್ ಅಂತೂ ಬೇಡಿ ಒರೆಸಿಕೊಂಡೇ ಜೀಪು ಹತ್ತಿದ.

ಹನ್ನೆರಡಕ್ಕೆ ತಾರಸಿಯಲ್ಲಿ ಪಂಚನಾಮೆ. ಬೆಳಗ್ಗೆ ಒಂಬತ್ತಕ್ಕೆ ಹಾಕಿದ್ದ ಕಾಗದ ಮೂರೇ ಗಂಟೆಯಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಯಂತ್ರ ಸರಿಯಿದೆ, ಯಾರೋ ಕಾಗದ ಬದಲಿಸುತ್ತಿದ್ದಾರೆ. ಹೊಸ ಕಾಗದಗಳ ಕಪಾಟಿನ ಬೀಗದ ಕೈ ಮುಖ್ಯೋಪಾಧ್ಯಾಯಿನಿಯ ಬಳಿ ಒಂದು, ಕಸ ಗುಡಿಸುವ ಆಯಮ್ಮನ ಬಳಿ ಒಂದು.

ಬುಧವಾರ ಬೆಳಗ್ಗೆ 8.50. ನೀರಿನ ಟ್ಯಾಂಕಿನ ಹಿಂದೆ ಅಡಗಿದ್ದ ಮಹಿಳಾ ಕಾನ್‌ಸ್ಟೇಬಲ್ ಕೈಗೆ ಆಯಮ್ಮ ಸಿಕ್ಕಿಬಿದ್ದಳು. ಸೆರಗಿನಡಿ ಹೊಸ ಕಾಗದವಿತ್ತು.

"ಕಾರ್ಖಾನೆಯವರು ಏನು ಕೊಟ್ರು?" ಒಂಬತ್ತಕ್ಕೆ ಅಧಿಕಾರಿಣಿಯ ಜೊತೆ ತಾರಸಿಗೆ ಬಂದ ಇನ್‌ಸ್ಪೆಕ್ಟರ್ ಕೇಳಿದರು.

"ಅವರು ಯಾಕೆ ಕೊಡ್ತಾರೆ?"

"ಮತ್ಯಾಕೆ ಬದಲಿಸಿದ್ರಿ?"

ಆಯಮ್ಮ ಅಧಿಕಾರಿಣಿಯತ್ತ ನೋಡಿದಳು. "ಯಂತ್ರ ಇಟ್ಟ ದಿನ ಇವರೇ ಹೇಳಿದ್ರು. ಕಾಗದ ಕಪ್ಪಾದ್ರೆ ಯಾರೋ ಕೆಲ್ಸ ನೆಟ್ಟಗೆ ಮಾಡ್ತಿಲ್ಲ ಅಂತ ಅರ್ಥ ಅಂತ. ಇಲ್ಲಿ ಗುಡಿಸೋಳು ನಾನೊಬ್ಳೇ. ಎರಡು ಹೊತ್ತು ಗುಡಿಸ್ದೆ, ಮೂರು ಹೊತ್ತು ಗುಡಿಸ್ದೆ. ಆದ್ರೂ ಕಪ್ಪೇ. ಮಕ್ಕಳು ಕೆಮ್ಮಿದಾಗೆಲ್ಲ ನನ್ನ ಪೊರಕೆಯಿಂದ್ಲೇ ಅನ್ಕೊಂಡು ಮುಖ ಎತ್ತೋಕಾಗ್ತಿರ್ಲಿಲ್ಲ."

ಅಧಿಕಾರಿಣಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಾನು ಹೇಳಿದ್ದು ಕಾರ್ಖಾನೆಯವರನ್ನು ಕುರಿತು ಎಂದು ಬಿಡಿಸಿ ಹೇಳಿದರು.

"ಹಾಗಾದ್ರೆ ಇಷ್ಟು ದಿನ ನಾನು ಮುಚ್ಚಿಟ್ಟಿದ್ದು ಅವರ ಧೂಳಾ?"



ಕಾರ್ಖಾನೆಗೆ ನೋಟಿಸು ಹೋಯಿತು. ಆದರೆ ಎಂಟು ತಿಂಗಳ ಸಾಕ್ಷ್ಯ ಉಳಿದಿರಲಿಲ್ಲ. ಸಾಕ್ಷ್ಯನಾಶದ ಮೇಲೆ 11.40ಕ್ಕೆ ಆಯಮ್ಮನ ಬಂಧನ ದಾಖಲಾಯಿತು. ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ 'ನಾಚಿಕೆ' ಎಂದು ಬರೆದರು.

ಹೆಬ್ಬೆಟ್ಟು ಒತ್ತುವ ಮುನ್ನ ಅವಳು ಕೇಳಿದಳು. "ಆ ಹನ್ನೊಂದು ಮಕ್ಕಳ ಹೆಸರು ಇದರಲ್ಲಿದ್ಯಾ?"

"ಇದೆ."

"ಓದಿ ಸಾರ್."

ಅವರು ಒಂದೊಂದಾಗಿ ಓದಿದರು. ಕುರ್ಚಿ ಕೊಟ್ಟರೂ ಕೂರದೆ, ಆಯಮ್ಮ ಹನ್ನೊಂದನ್ನೂ ನಿಂತೇ ಕೇಳಿದಳು.