ಕೊರಮೀನಿನ ಮಕ್ಕಳು

ಬಹಳ ಹಿಂದೆ, ದೇವತೆಗಳೂ ಮೀನಿನ ಸಾರಿಗೆ ಬಾಯಿ ಚಪ್ಪರಿಸುತ್ತಿದ್ದ ಕಾಲದಲ್ಲಿ, ನೀಲಕುಂಟೆ ಎಂಬ ರಾಜ್ಯವಿತ್ತು. ಅಲ್ಲಿನ ದೊಡ್ಡ ಕೆರೆ ಉರಿಗಣ್ಣನೆಂಬ ಮಾಂತ್ರಿಕನ ವಶದಲ್ಲಿತ್ತು. ಅವನಿಗೆ ಎಳೆಯ ಮೀನುಮರಿಗಳೆಂದರೆ ಪ್ರಾಣ. ವಸಂತ ಬಂತೆಂದರೆ, ನೀರಿಗೆ ಬಂದ ಬಸುರಿ ಹೆಂಗಸರನ್ನು ಮೀನಾಗಿಸಿ ಅವರ ಮರಿಗಳನ್ನು ತಿನ್ನುತ್ತಿದ್ದ. ರಾಜ ಏನು ಮಾಡುತ್ತಿದ್ದ ಅಂತೀರಾ? ಅರಮನೆಗೆ ಬೇರೆ ಬಾವಿಯಿತ್ತು, ಸುಮ್ಮನಿದ್ದ.

ಆ ವರ್ಷ ಬೆಸ್ತರ ಮಾಳಿಂಗನ ಬಸುರಿ ಹೆಂಡತಿ ಕೆಂಚಿ ಕೊಡ ಹಿಡಿದು ಕೆರೆಗೆ ಹೋದವಳು ಮರಳಲಿಲ್ಲ. ಮಾಳಿಂಗ ಅನ್ನ ನೀರು ಬಿಟ್ಟು ಮಾಂತ್ರಿಕನ ಕಾಲಿಗೆ ಬಿದ್ದ.

"ಅಳಬೇಡವೋ. ಮೂರು ಸಲ ಗಾಳ ಹಾಕು. ಸಿಕ್ಕ ಮೀನನ್ನು ಮನೆಗೆ ಒಯ್ದರೆ ಅದೇ ನಿನ್ನ ಹೆಂಡತಿ. ಮೂರು ಸಲವೂ ಬಿಟ್ಟೆಯೋ, ಸಾಯೋವರೆಗೂ ಅವಳು ಮೀನೇ" ಎಂದ ಉರಿಗಣ್ಣ.

ಮಾಳಿಂಗ ಮೊದಲನೇ ಸಲ ಗಾಳ ಹಾಕಿದ. ಉದ್ದನೆಯ ಕೊರಮೀನೊಂದು ರಪ್ಪನೆ ಕಚ್ಚಿತು. ಎಳೆದು ನೋಡಿದರೆ ಕೆಳಗೆ ನೀರಿನಲ್ಲಿ ಕೆಂಪು ಮರಿಗಳ ಗುಂಪು ತಾಯಿಯಿಲ್ಲದೆ ದಿಕ್ಕೆಟ್ಟು ಸುತ್ತುತ್ತಿತ್ತು. ಮರಿ ಕಾಯುವ ಕೊರಮೀನನ್ನು ಬೆಸ್ತರು ಹಿಡಿಯುವುದಿಲ್ಲ; ಹಿಡಿದ ಕೈಗೆ ಅನ್ನ ಹತ್ತುವುದಿಲ್ಲವೆಂದು ಹಿರಿಯರ ಮಾತು. ಅವನು ಬಿಟ್ಟುಬಿಟ್ಟ.

ಎರಡನೇ ಸಲ ಆಚೆ ದಂಡೆಯಲ್ಲಿ ಹಾಕಿದ. ಅದೇ ಮೀನು ಕಚ್ಚಿತು. ಈ ಸಲ ಮಾತಾಡಿತು.

"ಹಸಿವಿಗೆ ಕಚ್ಚಲಿಲ್ಲ ಕಣಯ್ಯಾ. ಮಕ್ಕಳ ಹತ್ರ ಏನೋ ಬಂತು ಅಂತ ಕಚ್ಚಿದೆ."

"ಕೆಂಚೀ! ಬಾ, ಮನೆಗೆ ಹೋಗಾನ."

"ಇವುಗಳನ್ನ ಬಿಟ್ಟಾ? ನಾನು ಸುತ್ತುತಾ ಇದ್ರೆ ಆ ಉರಿಗಣ್ಣ ನೀರಿಗೆ ಕೈ ಹಾಕಾಕಿಲ್ಲ. ನನ್ನನ್ನ ಮೇಲೆ ಎಳೆಯಾಕೆ ನಿನ್ನ ಕೈಲಿ ಗಾಳ ಕೊಟ್ಟವ್ನೆ."

ಮಾಳಿಂಗ ಅಳುತ್ತಲೇ ಅವಳನ್ನು ನೀರಿಗೆ ಬಿಟ್ಟ.

ಮೂರನೇ ಸಲವೂ ಅವಳೇ ಬಂದಳು. ಇದೇ ಕೊನೆ. ಬಿಟ್ಟರೆ ಜನ್ಮಕ್ಕೂ ಕೆಂಚಿಯಿಲ್ಲ. ಅವಳಿಲ್ಲದ ಒಲೆ, ಅವಳಿಲ್ಲದ ಚಾಪೆ ಕಣ್ಣಿಗೆ ಕಟ್ಟಿತು. ಮಾಳಿಂಗ ಅವಳನ್ನು ಎದೆಗೆ ಅವುಚಿಕೊಂಡು ಮನೆಯತ್ತ ಓಡಿದ. ಅವಳು ಕೈಯಲ್ಲಿ ಒದ್ದಾಡಿದಳು, ಅವನು ಕೇಳಲಿಲ್ಲ.

ಹಿಂದೆ ಚಪ್ಪರಿಸುವ ಸದ್ದಾಯಿತು. ತಿರುಗಿ ನೋಡಿದರೆ ಉರಿಗಣ್ಣ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಬೊಗಸೆ ಮರಿಗಳನ್ನು ಆಗಲೇ ನುಂಗಿ, ಎರಡನೆಯದಕ್ಕೆ ಕೈ ಇಳಿಸುತ್ತಿದ್ದ.

"ಹೋಗವ್ವಾ, ನಿನ್ನ ಮಕ್ಕಳ ಹತ್ರ ಹೋಗು!" ಎಂದು ಕೂಗಿ ಮಾಳಿಂಗ ದಂಡೆಗೆ ಓಡಿಬಂದು ಅವಳನ್ನು ನೀರಿಗೆ ಎಸೆದ.

ಕೊರಮೀನು ಬಿದ್ದದ್ದೇ ಮಾಂತ್ರಿಕನ ಮಣಿಕಟ್ಟು ಹಿಡಿಯಿತು. ಎಳೆಯಿತು. ಅವನು ಮಂತ್ರ ಹೇಳಲು ಬಾಯಿ ತೆರೆದ, ಬಾಯಿ ತುಂಬ ನೀರು ಹೋಯಿತು. ಕೆರೆ ಅವನನ್ನು ಮತ್ತೆ ಮೇಲೆ ಕಳಿಸಲಿಲ್ಲ.

ಮಾಯೆ ಹರಿಯಿತು. ಮೀನಾಗಿದ್ದ ಹೆಂಗಸರೆಲ್ಲ ಸೊಂಟದುದ್ದ ನೀರಿನಲ್ಲಿ ಎದ್ದು ನಿಂತರು. ಹೆಚ್ಚಿನವರ ಮಡಿಲು ಬರಿದಾಗಿತ್ತು. ಕೆಂಚಿಯ ಸುತ್ತಲಿನ ಕೆಂಪು ಮರಿಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಹೆಣ್ಣು ಮಗುವಾಗಿ ಅತ್ತವು. ಊರಿಗೆ ಊರೇ ಕುಣಿಯಿತು. ರಾಜನೂ ಬಾವಿ ಬಿಟ್ಟು ಕೆರೆಯ ನೀರು ಕುಡಿದ. ಅಂದಿನಿಂದ ನೀಲಕುಂಟೆಯವರು ಸುಖವಾಗಿದ್ದರು.

ಮಾಳಿಂಗನೂ ಸುಖವಾಗಿಯೇ ಇದ್ದ. ಮಗಳ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಯಾಕೆಂದು ಕೆಂಚಿ ಒಮ್ಮೆಯೂ ಹೇಳಲಿಲ್ಲ. ಮಗಳಿಗೆ ತುತ್ತು ಕಲಸಿ ಕೊಡುವಾಗಲೆಲ್ಲ ಅವನು ಮಾತ್ರ ಮುಖ ಆಚೆ ತಿರುಗಿಸುತ್ತಿದ್ದ.