ಎಡಗೈಯೊಳಗಿನ ಕುಲೆ

ಬೆಲ್ ಆಗುವ ಮೊದಲೇ ದಿಶಾಳ ಎಡಗೈಗೆ ಎಚ್ಚರವಾಯಿತು.

ಹೊಲಿಗೆಯ ಗುರುತಿನಡಿ ಏನೋ ಮಿಡಿಯಿತು... ಅವಳದ್ದಲ್ಲದ ಮಿಡಿತ. ಡೊಂಬಿವಲಿಯ ಅವರ ಮನೆಯಿದ್ದ ಐದನೇ ಮಹಡಿಗೆ ಲಿಫ್ಟ್ ಇನ್ನೂ ಏರಿ ಬಂದೇ ಇರಲಿಲ್ಲ.

ಬಂದವನು ಸುಜನ್, ಅವಳನ್ನು ನೋಡಲು ಬಂದ ಹುಡುಗ. ಮಾಜಿವಾಡಾದಲ್ಲಿ ಅವನದ್ದೇ ಹೋಟೆಲು. ಸೆಕೆಯಲ್ಲೂ ಕಾಲರಿನ ಗುಂಡಿ ಬಿಚ್ಚಿರಲಿಲ್ಲ. ಕಣ್ಣು ಕೂಡಿದ್ದೇ ತಡ, ಮಿಡಿತ ಜೋರಾಯಿತು.

'ಇವರು ನನಗೆ ಮೊದಲೇ ಗೊತ್ತು... ಹೇಗೆ?'

ಹೋದ ವರ್ಷ ಥೈರಾಯ್ಡ್ ಆಪರೇಷನ್ನಿನಲ್ಲಿ ಅದರ ಹಿಂದಿನ ಪುಟ್ಟ ಗ್ರಂಥಿಗಳೂ ಹೋಗಿದ್ದವು. ಕ್ಯಾಲ್ಸಿಯಂ ಇಳಿದು ಬೆರಳು ಸೆಟೆದುಕೊಳ್ಳುತ್ತಿದ್ದವು. ಕೊನೆಗೆ ನವಿ ಮುಂಬೈಯ ಆಸ್ಪತ್ರೆಯಲ್ಲಿ ಬೇರೊಬ್ಬರ ಗ್ರಂಥಿಯ ಚೂರುಗಳನ್ನು ಅವಳ ಕೈಯಲ್ಲಿ ನೆಟ್ಟರು. ಬೆರಳು ಸಡಿಲವಾದವು. ಕೊಟ್ಟವರ ಹೆಸರು ಮಾತ್ರ ಹೇಳಲಿಲ್ಲ.

ಹೇಳದಿದ್ದರೇನು, ಜಯಲತಾ ದೊಡ್ಡಮ್ಮ ಇದ್ದರಲ್ಲ!

"ಮದುವೆಯಾಗದೆ ಸತ್ತ ಹುಡುಗಿಯದ್ದೇ ಇರ್ಬೇಕು. ಊರಲ್ಲಾದ್ರೆ ಆಟಿ ತಿಂಗಳಲ್ಲಿ ಅಂಥ ಕುಲೆಗೆ, ಪ್ರೇತಕ್ಕೆ, ಮದುವೆ ಮಾಡಿ ಸಮಾಧಾನ ಮಾಡ್ತಾರೆ. ಇಲ್ಲಿ ಅವಳೇ ಗಂಡು ಹುಡುಕ್ತಾಳೆ, ನೋಡು. ಗಂಡಿನವರೆದುರು ಮಾತ್ರ ಬಾಯಿ ಬಿಡ್ಬೇಡ."

ಅಂದು ದಿಶಾ ನಕ್ಕಿದ್ದಳು. ಈಗ ನಗು ಬರಲಿಲ್ಲ. ಆಮೇಲೆ ಭೇಟಿಯಾದಾಗಲೆಲ್ಲ ಹಾಗೆಯೇ. ಅವನು ಕಾಣುವ ಮೊದಲೇ ಕೈ ಮಿಡಿಯುತ್ತಿತ್ತು. ಅವಳಿಗೋ, ಅವನಿಲ್ಲದೆ ದಿನ ಹೋಗದಷ್ಟು ಪ್ರೀತಿ. ಆದರೆ ಆ ಪ್ರೀತಿ ಯಾರದ್ದು?

ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ಅವನ ಹೋಟೆಲಿನಲ್ಲೇ ಹೇಳಿಬಿಟ್ಟಳು.

"ಈ ಮದುವೆ ಬೇಡ."

"ನನ್ನಿಂದ ಏನು ತಪ್ಪಾಯ್ತು?"

ದಿಶಾ ಕುರ್ತಾದ ಉದ್ದ ತೋಳು ಮಡಚಿ ಗುರುತು ತೋರಿಸಿದಳು. ಅಳುತ್ತಲೇ ಎಲ್ಲ ಹೇಳಿದಳು. "ನಿಮ್ಮನ್ನು ಇಷ್ಟಪಟ್ಟದ್ದು ನಾನಲ್ಲ, ಇದರೊಳಗಿನ ಸತ್ತವಳು. ನೀವು ಅವಳನ್ನು ಮದುವೆಯಾಗ್ಬೇಡಿ."

ಸುಜನ್‌ನ ಮುಖ ಬಿಳಿಚಿತು. "ಯಾವ ಆಸ್ಪತ್ರೆ? ಯಾವ ದಿನ?"

ಅವಳು ಹೇಳಿದಳು. ಮಾರ್ಚ್ ಹನ್ನೊಂದು.

ಅವನು ನಿಧಾನವಾಗಿ ಕಾಲರ್ ಬಿಚ್ಚಿದ. ಗಂಟಲ ಬುಡದಲ್ಲಿ ಅಡ್ಡಗೆರೆ, ಥೇಟ್ ಅವಳ ಸರದಡಿಯ ಆಪರೇಷನ್ ಗುರುತಿನಂಥದ್ದೇ.

"ನಂಗೆ ಅದೇ ಗ್ರಂಥಿಗಳು ದಪ್ಪವಾಗಿ ಹೆಚ್ಚು ಕೆಲಸ ಮಾಡ್ತಿದ್ವು. ಅಲ್ಲೇ, ಅದೇ ದಿನ ತೆಗೆದ್ರು. ಬೇರೆಯವರಿಗೆ ಕೊಡ್ಬಹುದಾ ಅಂತ ಕೇಳಿದ್ರು, ಸಹಿ ಹಾಕ್ದೆ. ಆ ದಿನ ಕೊಟ್ಟವನು ನಾನೊಬ್ಬನೇ ಅಂತ ಡಾಕ್ಟ್ರೇ ಹೇಳಿದ್ರು. ಸಂಬಂಧ ತಪ್ಪೀತು ಅಂತ ಅಮ್ಮ ಕಾಲರಿನ ಗುಂಡಿ ಹಾಕಿಸಿದ್ರು."

ದಿಶಾ ತೋಳಿನ ಗುರುತನ್ನು ಮುಟ್ಟಿ ನೋಡಿದಳು. ಸತ್ತವಳು ಯಾರೂ ಇರಲಿಲ್ಲ. ಹೆಣ್ಣಿನವರು ತೋಳು ಮುಚ್ಚಿದರು, ಗಂಡಿನವರು ಕತ್ತು ಮುಚ್ಚಿದರು, ನಡುವೆ ಕುಲೆ ಹುಟ್ಟಿತು.

"ಹಾಗಾದ್ರೆ... ಈ ಪ್ರೀತಿಯೂ ನಿಮ್ದೇ. ನಂದಲ್ಲ."

ಅವನು ಗುರುತಿನ ಮೇಲೆ ಅಂಗೈ ಇಟ್ಟ. ಮೊದಲ ಸಲ ಆ ಮಿಡಿತ ಸುಮ್ಮನಾಯಿತು.

"ನನ್ನ ಮೇಲೆ ನಂಗೇ ಇಷ್ಟು ಪ್ರೀತಿ ಯಾವತ್ತೂ ಇರ್ಲಿಲ್ಲ ಮಾರಾಯ್ತಿ. ಇದು ನಿಂದೇ."