ಜೋಮಿನ ಮುಲಾಮು

"ಕೈ ಮುಂದೆ ಮಾಡಿ... ಹೆದರಬೇಡಿ."

ಪದ್ಮಲತಾ ಕೈ ಚಾಚಿದಳು. ಬಿಸಿ ಗಂಜಿತಿಳಿ ಚೆಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪಾಗಿತ್ತು. ಮಡಂತ್ಯಾರಿನ ಆ ಪುಟ್ಟ ದವಾಖಾನೆಗೆ ಹೊಸದಾಗಿ ಬಂದ ಕಂಪೌಂಡರ್ ಭರತರಾಜ ಆ ಕೈಯನ್ನು ಮೆಲ್ಲನೆ ಹಿಡಿದುಕೊಂಡ.

ಅದು ೧೯೬೧ರ ಬೇಸಗೆ. ಪರ ಗಂಡಸೊಬ್ಬ ಅವಳ ಕೈ ಮುಟ್ಟಿದ್ದು ಅದೇ ಮೊದಲು!

"ಡಾಕ್ಟ್ರು ಬರೆದುಕೊಟ್ಟ ಮುಲಾಮು ಇದು. ಹಚ್ಚಿದರೆ ಜೋಮು ಹಿಡಿಯುತ್ತದೆ, ಉರಿ ಗೊತ್ತಾಗುವುದಿಲ್ಲ. ಆದರೆ ಜಾಗ್ರತೆ..."

ಅವನು ಹೇಳುತ್ತಲೇ ಇದ್ದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಶಾಂತವಾದ ಕಣ್ಣುಗಳು...

"ಅರ್ಥ ಆಯ್ತಾ?"

"ಹ್ಞಾಂ... ಆಯ್ತು!"

ಏನೂ ಆಗಿರಲಿಲ್ಲ.

ಮನೆಯಲ್ಲಿ ಸ್ವಲ್ಪ ಹಚ್ಚಿದಾಗ ಉರಿ ಶಮನವಾಯಿತು. ಹೆಚ್ಚು ಹಚ್ಚಿದರೆ ಬೇಗ ಗುಣವಾದೀತಲ್ಲ! ಮರುದಿನ ಅರ್ಧ ಟ್ಯೂಬು ಬಳಿದು, ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿದಳು.

ಸ್ವಲ್ಪ ಹೊತ್ತಿಗೆ ತುಟಿ ಜುಮುಗುಟ್ಟಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ನೆಲವೇ ತಿರುಗಿದಂತಾಯಿತು.

"ಮಾವ..." ಎನ್ನುತ್ತ ಜಗಲಿಯಲ್ಲಿ ಕುಸಿದಳು.

ತಂದೆಯಿಲ್ಲದ ಅವಳನ್ನು ಸಾಕಿದ ಸೋದರಮಾವ ಭುಜಬಲಿ, ಅಬ್ದುಲ್ ರವೂಫರ ಬಾಡಿಗೆ ಕಾರಿನಲ್ಲಿ ಅವಳನ್ನು ದವಾಖಾನೆಗೆ ಕರೆತಂದರು. ಡಾಕ್ಟರು ಹತ್ತಿರದ ಮನೆಯೊಂದಕ್ಕೆ ರೋಗಿಯನ್ನು ನೋಡಲು ಹೋಗಿದ್ದರು. ಭರತರಾಜ ಅದೇ ಕಾರನ್ನು ಅವರಿಗಾಗಿ ಕಳುಹಿಸಿ, ಪದ್ಮಲತಾಳನ್ನು ಮಲಗಿಸಿ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಚರ್ಮದ ಮೇಲೆಲ್ಲ ದದ್ದುಗಳೆದ್ದಿದ್ದವು!

ತಣ್ಣೀರು ಹೊಯ್ದು ಮುಲಾಮನ್ನೆಲ್ಲ ತೊಳೆದ. ನಾಡಿ ಹಿಡಿದು ಪಕ್ಕದಲ್ಲೇ ಕುಳಿತ.

"ಕಟ್ಟಿದ್ದರಿಂದ ಮದ್ದು ಜಾಸ್ತಿ ಒಳಗೆ ಹೋಗಿದೆ. ಕಣ್ಣು ಮುಚ್ಚಬೇಡಿ. ನನ್ನನ್ನೇ ನೋಡಿ..."

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. "ಬೇಗ ತೊಳೆದದ್ದು ಒಳ್ಳೆಯದಾಯ್ತು. ಇನ್ನು ಹೆದರಿಕೆಯಿಲ್ಲ."

ಹೆದರಿಕೆ ಇಳಿದದ್ದೇ ಭುಜಬಲಿಯವರ ಸಿಟ್ಟು ಏರಿತು.

"ಹೇಗೆ ಹಚ್ಚಬೇಕೆಂದು ಹೇಳಲಿಕ್ಕೆ ಬಾಯಿಲ್ಲವಾ ನಿಮಗೆ? ನನ್ನ ಮಗು ಸಾಯ್ತಿತ್ತು!"

ಡಾಕ್ಟರು ತಿರುಗಿದರು. "ಹೇಳಿದ್ದೀಯಾ ಮಾರಾಯ?"

ಭರತರಾಜ ಬಿಳಿಚಿದ ಪದ್ಮಲತಾಳತ್ತ ನೋಡಿದ. ತಲೆ ತಗ್ಗಿಸಿದ.

"ಸರಿಯಾಗಿ ಹೇಳಿರಲಿಕ್ಕಿಲ್ಲ, ಡಾಕ್ಟ್ರೇ."

"ಹಾಗಾದರೆ ನಾಳೆಯಿಂದ ಬರುವುದು ಬೇಡ."

ಅಯ್ಯೋ, ಇಲ್ಲ! ಪದ್ಮಲತಾ ಕೂಗಬೇಕೆಂದುಕೊಂಡಳು. ದಪ್ಪಗಾಗಿದ್ದ ನಾಲಿಗೆ ಹೊರಳಲಿಲ್ಲ. ಕಣ್ಣೀರಷ್ಟೇ ಹರಿಯಿತು.

ಮರುದಿನ ಬೆಳಿಗ್ಗೆಯೇ ಹಟ ಹಿಡಿದು ಮಾವನೊಂದಿಗೆ ದವಾಖಾನೆಗೆ ಬಂದಳು. ಭರತರಾಜ ಚೀಲ ಹಿಡಿದು ಮೂಡಬಿದಿರೆಯ ತನ್ನ ಮನೆಗೆ ಹೊರಟು ನಿಂತಿದ್ದ.

"ಡಾಕ್ಟ್ರೇ, ಇವರು ಎಲ್ಲ ಹೇಳಿದ್ದರು. ನಾನೇ ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?" ಮಾವ ಗದರಿದರು.

ಹೇಳಿದರೆ ಮಾನ ಹೋದೀತು. ಹೇಳದಿದ್ದರೆ ಅವನ ಅನ್ನ ಹೋದೀತು...

"ನಾನು... ಇವರ ಮುಖವನ್ನೇ ನೋಡ್ತಾ ಇದ್ದೆ, ಮಾವ."

ಭುಜಬಲಿ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಆಮೇಲೆ ಭರತರಾಜನೆದುರು ಕೈ ಮುಗಿದರು.

"ಮಗುವನ್ನು ಉಳಿಸಿದವರಿಗೇ ಬೈದೆ. ತಪ್ಪಾಯ್ತು."

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನನ್ನದೂ ದುಡುಕಾಯ್ತು. ಚೀಲ ಒಳಗಿಡು, ಭರತ. ನೀನು ಕೇಳಮ್ಮ, ಇನ್ನು ಆ ಮುಲಾಮು ನಿನಗೆ ಬೇಡವೇ ಬೇಡ, ನಿನ್ನ ಮೈಗೆ ಆಗುವುದಿಲ್ಲ. ಬೇರೆಯವರಾದರೂ ತೆಳ್ಳಗೆ ಹಚ್ಚಬೇಕು, ಕಟ್ಟಬಾರದು, ಬೊಬ್ಬೆ ಒಡೆದಲ್ಲಿ ತಾಗಿಸಬಾರದು. ಜೋಮು ಇಳಿಯುವವರೆಗೆ ಒಲೆಯ ಹತ್ತಿರ ಹೋಗಬಾರದು, ಸುಟ್ಟರೂ ಗೊತ್ತಾಗುವುದಿಲ್ಲ!"

ಈ ಸಲ ಒಂದೊಂದು ಮಾತೂ ಕೇಳಿಸಿತು.

ಮಾವ ಹೊರಗೆ ನಿಂತಿದ್ದ ರವೂಫರ ಕಾರಿನತ್ತ ನಡೆದಾಗ ಅವಳು ಬಾಗಿಲಲ್ಲಿ ನಿಂತಳು.

"ಯಾಕೆ ಸುಳ್ಳು ಹೇಳಿದಿರಿ?"

"ಅಷ್ಟು ಸುಸ್ತಾಗಿದ್ದಿರಿ... ಆಗ ನಿಮ್ಮ ಮೇಲೆ ತಪ್ಪು ಹಾಕಲಿಕ್ಕೆ ಮನಸ್ಸಾಗಲಿಲ್ಲ. ಮತ್ತೆ..." ಅವನು ನಾಚಿದ. "ಮೊದಲ ದಿನ ನಾನೂ ನಿಮ್ಮನ್ನೇ ನೋಡಿದ್ದೆ."

ಅವಳ ಕಣ್ಣು ತುಂಬಿತು. "ನಿಮ್ಮ ಉಪಕಾರ ಹೇಗೆ ತೀರಿಸಲಿ?"

"ತೀರಿಸುವುದು ಬೇಡ. ಭಾನುವಾರ ಅಮ್ಮನನ್ನು ಕರ್ಕೊಂಡು ನಿಮ್ಮಲ್ಲಿಗೆ ಬರಬೇಕೆಂದುಂಟು. ಬರಬಹುದಾ?"

"ಬನ್ನಿ... ಊಟಕ್ಕೇ ಬನ್ನಿ. ಆದರೆ ಹೊತ್ತು ಮುಳುಗುವ ಮೊದಲು. ನಾವು ಜೈನರು, ಆಮೇಲೆ ನಮ್ಮಲ್ಲಿ ಊಟ ಇಲ್ಲ."

ಭರತರಾಜ ನಕ್ಕ.

"ನಮ್ಮಲ್ಲೂ ಇಲ್ಲ."